ಲೋವೆಲ್‌ನ ಹಳೆಯ ಹತ್ತಿ ಗಿರಣಿಯಲ್ಲೊಂದು ಬಾಡಿಗೆ ಮನೆ: ಎರಡು ವರ್ಷದ ವಾಸದ ನಂತರ

ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಊರಿನಲ್ಲಿ, ಕಾಲುವೆಯ ದಂಡೆಗೆ ಒತ್ತಿಕೊಂಡು ನಿಂತಿರುವ ಐದು ಅಂತಸ್ತಿನ ಹಳೆಯ ಹತ್ತಿ ಗಿರಣಿಯೊಂದರಲ್ಲಿ ನಾವು ಬಾಡಿಗೆಗೆ ಬಂದು ಈ ಮಾರ್ಚಿಗೆ ಎರಡು ವರ್ಷ ತುಂಬಿತು. ನಮ್ಮ ಮನೆ ಮೂರನೆಯ ಅಂತಸ್ತಿನಲ್ಲಿದೆ. ಒಂದು ಹಜಾರ, ಅದಕ್ಕೇ ಸೇರಿಕೊಂಡ ಅಡುಗೆಯ ಜಾಗ, ಎರಡು ಮಲಗುವ ಕೋಣೆ. ಬಾಸ್ಟನ್ ಸುತ್ತಮುತ್ತ ಕೆಲಸಕ್ಕೆ ಬರುವ ಕನ್ನಡದ ಕುಟುಂಬಗಳು ಇಂಥ ಮನೆಗಳ ಚಿತ್ರ ನೋಡಿ ಮನಸೋತು, ‘ಹೇಗಿದೆ, ಬರಬಹುದೇ’ ಎಂದು ನನ್ನನ್ನು ಕೇಳುತ್ತಲೇ ಇರುತ್ತವೆ. ಫೋನಿನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸುವಂಥ ವಿಷಯ ಇದಲ್ಲವಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಕಟ್ಟಡದ ಹೆಸರನ್ನಾಗಲಿ, ಅದನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರನ್ನಾಗಲಿ ಬರೆಯುವುದಿಲ್ಲ. ಮನೆಗಳಾಗಿ ಮಾರ್ಪಟ್ಟ ಗಿರಣಿಗಳು ಈ ಊರಿನಲ್ಲಿ ಹಲವಿವೆ, ಮತ್ತು ನಾನು ಹೇಳಲಿರುವ ಗುಣದೋಷಗಳಲ್ಲಿ ಹೆಚ್ಚಿನವು ಗಿರಣಿಯನ್ನು ಮನೆ ಮಾಡುವ ಕೆಲಸಕ್ಕೇ ಅಂಟಿಕೊಂಡು ಬಂದವು.

ನಾನು ದಾವಣಗೆರೆಯವಳು. ನನ್ನ ತಂದೆ ಅಲ್ಲಿನ ಹತ್ತಿ ಮಿಲ್ಲೊಂದರ ಸ್ಪಿನ್ನಿಂಗ್ ಖಾತೆಯಲ್ಲಿ ಮೂರೂ ಪಾಳಿಗಳಲ್ಲಿ ದುಡಿದವರು. ಆ ಮಿಲ್ಲು ಮುಚ್ಚಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಹೀಗಾಗಿ ಈ ಮನೆಯನ್ನು ನಾನು ಬರೀ ಬಾಡಿಗೆದಾರಳ ಕಣ್ಣಿನಿಂದ ನೋಡಿದ್ದೇನೆ ಎಂದು ಹೇಳಲಾರೆ. ಓದುವವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ಮನೆಯ ಆಕಾರ ಅರ್ಥವಾಗಬೇಕಾದರೆ ಊರು ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿದಿರಬೇಕು. ಮೆರಿಮ್ಯಾಕ್ ನದಿ ಇಲ್ಲಿನ ಪಾಟಕೆಟ್ ಜಲಪಾತದ ಬಳಿ ಸುಮಾರು 32 ಅಡಿ ಕೆಳಗಿಳಿಯುತ್ತದೆ. 1820ರ ದಶಕದಲ್ಲಿ ಬಾಸ್ಟನ್ನಿನ ವರ್ತಕರು ಆ ನೀರನ್ನು ಕಾಲುವೆಗಳಿಗೆ ತಿರುಗಿಸಿ, ಒಂದರ ಪಕ್ಕ ಒಂದರಂತೆ ಗಿರಣಿಗಳನ್ನು ಕಟ್ಟಿಸಿದರು. 1826ರಲ್ಲಿ ಲೋವೆಲ್ ಪ್ರತ್ಯೇಕ ಊರಾಯಿತು. ಇಂದಿಗೂ ಊರೊಳಗೆ 5.6 ಮೈಲಿ ಉದ್ದದ ಕಾಲುವೆಗಳಿವೆ. ಮೊದಲ ದಶಕಗಳಲ್ಲಿ ಇಲ್ಲಿ ದುಡಿದವರು ಸುತ್ತಲಿನ ಹಳ್ಳಿಗಳ ಒಕ್ಕಲು ಮನೆತನದ ಹೆಣ್ಣುಮಕ್ಕಳು. ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ಮಲಗುತ್ತಿದ್ದ ಆ ಹುಡುಗಿಯರು 1834ರಲ್ಲಿ ಕೂಲಿ ಕಡಿತವನ್ನು ವಿರೋಧಿಸಿ, 1836ರಲ್ಲಿ ವಸತಿಗೃಹದ ಖರ್ಚು ಏರಿಸಿದ್ದನ್ನು ವಿರೋಧಿಸಿ ಕೆಲಸ ಬಿಟ್ಟು ಬೀದಿಗಿಳಿದಿದ್ದರು. ಅವರು ನೂತ ಅರಳೆ ಅಮೆರಿಕದ ದಕ್ಷಿಣ ರಾಜ್ಯಗಳ ತೋಟಗಳಲ್ಲಿ ಗುಲಾಮರು ಬಿಡಿಸಿದ್ದು. ಮನೆ ತೋರಿಸಲು ಬರುವವರು ಈ ಮಾತನ್ನು ಹೇಳುವುದಿಲ್ಲ, ಆದರೆ ಕಟ್ಟಡ ಎದ್ದು ನಿಂತ ಹಣದ ಮೂಲ ಅದೇ ಆಗಿದ್ದರಿಂದ ಹೇಳದೆ ಬಿಡುವುದು ನನಗೆ ಸರಿಯೆನಿಸದು.

ನೀರಿನ ಶಕ್ತಿ ನೆಲಮಾಳಿಗೆಯ ಚಕ್ರಕ್ಕೆ ಬಂದು, ಅಲ್ಲಿಂದ ತೊಗಲಿನ ಪಟ್ಟಿಗಳ ಮೂಲಕ ಎಲ್ಲ ಅಂತಸ್ತುಗಳಿಗೂ ಹಂಚಿಕೆಯಾಗುತ್ತಿತ್ತು. ಯಂತ್ರಗಳನ್ನು ದೂರದೂರಕ್ಕೆ ಹರಡುವುದಕ್ಕಿಂತ ಒಂದರ ಮೇಲೊಂದು ಪೇರಿಸುವುದು ಅನುಕೂಲವಾಗಿತ್ತು. ವಿದ್ಯುತ್ ದೀಪವಿಲ್ಲದ ಕಾಲವಾದ್ದರಿಂದ ಹಗಲಿನ ಬೆಳಕು ನಡುವಿನ ಯಂತ್ರಕ್ಕೂ ಮುಟ್ಟಬೇಕಿತ್ತು. ಆದ್ದರಿಂದಲೇ ಈ ಕಟ್ಟಡಗಳು ಎತ್ತರವಾಗಿ, ಬಹಳ ಉದ್ದವಾಗಿ, ಆದರೆ ಅಗಲ ಕಡಿಮೆಯಾಗಿ ಇವೆ, ಮತ್ತು ಗೋಡೆಯ ತುಂಬ ಕಿಟಕಿಗಳಿವೆ. ಈಗ ಅಂಥ ಅಂತಸ್ತಿನ ಮಧ್ಯದಲ್ಲಿ ಒಂದು ಓಣಿಯನ್ನು ಹಾಯಿಸಿ, ಅದರ ಎರಡೂ ಕಡೆ ಮನೆಗಳನ್ನು ಕೂರಿಸಿದ್ದಾರೆ. ಪ್ರತಿ ಮನೆಗೂ ಒಂದೇ ಪಕ್ಕದಲ್ಲಿ ಕಿಟಕಿ. ಹಜಾರ ಮತ್ತು ಒಂದು ಮಲಗುವ ಕೋಣೆ ಕಿಟಕಿಯ ಕಡೆಗೆ ಬಂದರೆ, ಎರಡನೆಯ ಕೋಣೆ ಒಳಗೆ, ಓಣಿಯ ಕಡೆಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ಆ ಒಳಕೋಣೆಯ ಗೋಡೆಯನ್ನು ಮಾಡಿಗೆ ಮುಟ್ಟಿಸದೆ ಬಿಟ್ಟಿದ್ದಾರೆ. ಮೇಲಿನ ಸಂದಿಯಿಂದ ಹಜಾರದ ಬೆಳಕು ಒಳಗೆ ಬರುತ್ತದೆ, ಅದರ ಜತೆಗೆ ಹಜಾರದ ಮಾತು, ಟಿವಿಯ ಸದ್ದು, ಕಾಫಿಯ ವಾಸನೆಯೂ ಬರುತ್ತವೆ. ಮಕ್ಕಳು ಓದುವ ವಯಸ್ಸಿನವರಿದ್ದರೆ ಇಂಥ ಕೋಣೆಯನ್ನು ಒಂದು ಪೂರ್ತಿ ಕೋಣೆಯೆಂದು ಲೆಕ್ಕ ಹಿಡಿಯಬಾರದು.

ಇನ್ನು ಕಿಟಕಿಗಳ ವಿಷಯ. ಎಂಟು ಅಡಿಗೂ ಹೆಚ್ಚು ಎತ್ತರದ ಮೂರು ಕಿಟಕಿಗಳು ಹಜಾರದಲ್ಲಿವೆ. ಇಷ್ಟು ಬೆಳಕಿರುವ ಮನೆಯಲ್ಲಿ ನಾನು ಹಿಂದೆಂದೂ ಇದ್ದಿಲ್ಲ. ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುವ ಈ ನಾಡಿನಲ್ಲಿ ಅದರ ಬೆಲೆ ಏನೆಂದು ಒಂದು ಡಿಸೆಂಬರ್ ಕಳೆದವರಿಗಷ್ಟೇ ಗೊತ್ತು. ಮೂಲದ ಮರದ ಚೌಕಟ್ಟುಗಳನ್ನು ತೆಗೆದು, ನೋಡಲು ಹಾಗೆಯೇ ಕಾಣುವಂತೆ ಸಣ್ಣ ಸಣ್ಣ ಚೌಕಗಳಾಗಿ ಪಟ್ಟಿ ಹೊಡೆದ ಅಲ್ಯೂಮಿನಿಯಂ ಕಿಟಕಿಗಳನ್ನು ಎರಡು ಪದರ ಗಾಜಿನೊಂದಿಗೆ ಕೂರಿಸಿದ್ದಾರೆ. ಹೊರಗಿನಿಂದ ನೋಡಿದರೆ ಹಳೆಯದಲ್ಲವೆಂದು ಹೇಳುವುದು ಕಷ್ಟ. ಇಷ್ಟುದ್ದದ ಪರದೆಗಳು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಿಲ್ಲ, ಅಳತೆ ಕೊಟ್ಟು ಹೊಲಿಸಲು ಹೋದರೆ ಬೆಲೆ ಕೇಳಿಯೇ ಹಿಂದಿರುಗಬೇಕು. ಕೊನೆಗೆ ಅಮ್ಮ ಊರಿನಿಂದ ಕಳಿಸಿದ ಹತ್ತಿಯ ಸೀರೆಗಳನ್ನು ಎರಡು ಮಡಿಕೆ ಮಾಡಿ ಇಳಿಬಿಟ್ಟೆವು. ಬೇಸಿಗೆಯ ಬಿಸಿಲಿಗೆ ಅವೇ ಸಾಕಾಗಿವೆ.

ಈ ಕಿಟಕಿಗಳ ಬಗ್ಗೆ ಇನ್ನೊಂದು ಸಂಗತಿಯನ್ನು ತಂದೆಯವರು ಇಲ್ಲಿಗೆ ಬಂದಾಗ ಹೇಳಿದರು. ಅವರ ಮಿಲ್ಲಿನಲ್ಲೂ ದೊಡ್ಡ ಕಿಟಕಿಗಳಿದ್ದವಂತೆ, ಆದರೆ ಅವನ್ನು ತೆರೆಯುವಂತಿರಲಿಲ್ಲವಂತೆ. ಒಣಗಾಳಿ ತಗುಲಿದರೆ ಎಳೆ ಕಡಿಯುತ್ತದೆ, ಆದ್ದರಿಂದ ಒಳಗೆ ತೇವ ಇರಲೇಬೇಕು. ಲೋವೆಲ್‌ನಲ್ಲಿಯೂ ಹಾಗೆಯೇ ಕಿಟಕಿಗಳಿಗೆ ಮೊಳೆ ಹೊಡೆದಿಡುತ್ತಿದ್ದರು. ಹೆಣ್ಣುಮಕ್ಕಳು ಹತ್ತಿಯ ಧೂಳಿನಲ್ಲಿ, ಬೆವರಿನಲ್ಲಿ, ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ನಿಂತಿರುತ್ತಿದ್ದ ಜಾಗದಲ್ಲಿ ಇಂದು ನಾನು ಬೆಳಿಗ್ಗೆ ಎದ್ದು ಕಿಟಕಿ ತೆರೆದು ಕಾಲುವೆಯ ಕಡೆ ನೋಡುತ್ತೇನೆ. ತೆರೆಯಲು ಬಾರದಂತೆ ಕಿಟಕಿಯನ್ನು ಭದ್ರಪಡಿಸಿದ ಮನೆಯನ್ನು ಬೇರೆ ಗಿರಣಿಯೊಂದರಲ್ಲಿ ತೋರಿಸಿದ್ದರು. ಅದನ್ನು ಒಲ್ಲೆನೆಂದದ್ದು ಆ ಒಂದೇ ಕಾರಣಕ್ಕೆ.

ಇಟ್ಟಿಗೆಯ ಗೋಡೆಯನ್ನು ಜಾಹೀರಾತುಗಳಲ್ಲಿ ಬಹಳ ಹೊಗಳುತ್ತಾರೆ. ನನಗೆ ಅದರ ಬಗ್ಗೆ ಎರಡು ಮನಸ್ಸಿದೆ. ಗಿರಣಿಯ ಕಾಲದಲ್ಲಿ ಒಳಗೋಡೆಗಳಿಗೆ ಬೆಳಕು ಹರಡಲೆಂದು ಸುಣ್ಣ ಬಳಿಯುತ್ತಿದ್ದರು. ಈಗ ಅದನ್ನೆಲ್ಲ ಕಿತ್ತು ಕೆಂಪು ಇಟ್ಟಿಗೆ ಕಾಣುವಂತೆ ಮಾಡಿ, ಇದೇ ಹಳೆಯ ರೂಪ ಎಂದು ಮಾರುತ್ತಾರೆ. ನಮ್ಮ ಮಲಗುವ ಕೋಣೆಯ ಒಂದು ಮೂಲೆಯಲ್ಲಿ, ಕಬ್ಬಿಣದ ಕೊಳವೆಯ ಹಿಂದೆ, ಯಾರ ಕೈಗೂ ಸಿಗದೆ ಉಳಿದುಕೊಂಡ ಅಂಗೈಯಗಲದ ಸುಣ್ಣದ ಪದರವೊಂದಿದೆ. ಇಡೀ ಗೋಡೆಯನ್ನು ಹಾಗೆಯೇ ಬಿಟ್ಟಿದ್ದರೆ ಮನೆ ಇನ್ನಷ್ಟು ಬೆಳಗುತ್ತಿತ್ತು, ಇಟ್ಟಿಗೆಯ ಸಂದಿನಿಂದ ದಿನವೂ ಉದುರುವ ಪುಡಿಯನ್ನು ಗುಡಿಸುವ ಕೆಲಸವೂ ತಪ್ಪುತ್ತಿತ್ತು.

ಚಳಿಗಾಲದಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಕೂರಲಾಗುವುದಿಲ್ಲ. ಒಳಗಡೆ ಉಷ್ಣ ತಡೆಯುವ ಪದರ ಹಾಕಬಾರದೇ ಎಂದು ನಾನೂ ಕೇಳಿದ್ದೆ. ಹಾಕಿದರೆ ಮನೆಯ ಬಿಸಿ ಇಟ್ಟಿಗೆಗೆ ತಾಗುವುದಿಲ್ಲ, ಮಳೆಯ ನೀರು ಹೀರಿದ ಇಟ್ಟಿಗೆ ಒಣಗುವುದು ತಡವಾಗುತ್ತದೆ, ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಇಟ್ಟಿಗೆಯ ಮುಖವೇ ಹಪ್ಪಳದಂತೆ ಕಳಚಿ ಬೀಳುತ್ತದೆ. ಇದು ನಿಜವಾದ ತೊಡಕು, ನೆಪವಲ್ಲ. ಆದ್ದರಿಂದ ಅದನ್ನು ದೋಷವೆಂದು ಬರೆಯುವುದಿಲ್ಲ. ಆದರೆ ಜನವರಿ ಮತ್ತು ಫೆಬ್ರವರಿಯ ವಿದ್ಯುತ್ ಬಿಲ್ಲು ಅಕ್ಟೋಬರಿನದಕ್ಕಿಂತ ಎರಡು ಪಟ್ಟಿಗೂ ಮೀರಿ ಬರುತ್ತದೆ ಎಂಬುದನ್ನು ಬಾಡಿಗೆಯ ಲೆಕ್ಕದಲ್ಲೇ ಸೇರಿಸಿಕೊಳ್ಳಬೇಕು. ಹದಿಮೂರು ಅಡಿ ಎತ್ತರದ ಮಾಡು ಇದ್ದರೆ ಬಿಸಿಗಾಳಿಯೆಲ್ಲ ಮೇಲಕ್ಕೆ ಹೋಗಿ ಕೂರುತ್ತದೆ. ಸೀಲಿಂಗ್ ಫ್ಯಾನನ್ನು ತಿರುವುಮುರುವಾಗಿ ನಿಧಾನಕ್ಕೆ ತಿರುಗಿಸಿದರೆ ಸ್ವಲ್ಪ ಕೆಳಗಿಳಿಯುತ್ತದೆ.

ಮಾಡು ಮತ್ತು ನೆಲದ ವಿಷಯವೇ ಇಂಥ ಮನೆಗಳ ಜೀವಾಳ, ಅದನ್ನು ನೋಡದೆ ಯಾರೂ ಮುಂಗಡ ಕೊಡಬಾರದು. ಹತ್ತಿಯ ಧೂಳಿಗೆ, ಎಣ್ಣೆ ಕುಡಿದ ನೆಲಕ್ಕೆ ಒಂದು ಕಿಡಿ ಸಾಕು, ಗಿರಣಿ ಬೂದಿಯಾಗುತ್ತಿತ್ತು. ನ್ಯೂ ಇಂಗ್ಲೆಂಡ್ ಎಂದು ಕರೆಯುವ ಈ ಈಶಾನ್ಯ ರಾಜ್ಯಗಳ ಗಿರಣಿ ಮಾಲೀಕರೂ ಅವರದೇ ವಿಮಾ ಸಂಘಗಳೂ ಸೇರಿ ಇದಕ್ಕೆ ಕಂಡುಕೊಂಡ ಉಪಾಯ ವಿಚಿತ್ರವೆನಿಸುತ್ತದೆ: ಮರವನ್ನು ಬಿಡುವುದಲ್ಲ, ಬಹಳ ದಪ್ಪ ಮರವನ್ನು ಬಳಸುವುದು. ಅಡಿಗಟ್ಟಲೆ ದಪ್ಪದ ತೊಲೆಗೆ ಬೆಂಕಿ ಬಿದ್ದರೆ ಹೊರಗಿನ ಪದರ ಕರಕಲಾಗಿ ಅದೇ ಒಳಗಿನದನ್ನು ಕಾಯುತ್ತದೆ, ತೊಲೆ ಬೇಗ ಕುಸಿಯುವುದಿಲ್ಲ. ತೊಲೆಗಳ ಮೇಲೆ ಮೂರು ನಾಲ್ಕು ಅಂಗುಲ ದಪ್ಪದ ಹಲಗೆ, ಅದರ ಮೇಲೆ ಮೇಪಲ್ ಮರದ ನೆಲ. ಬೆಂಕಿ ಅವಿತುಕೊಂಡು ಹರಡುವಂಥ ಟೊಳ್ಳು ಎಲ್ಲಿಯೂ ಇಲ್ಲ. ಮೆಟ್ಟಿಲುಗಳನ್ನು ಕಟ್ಟಡದ ಹೊರಗೆ ಬೇರೆ ಗೋಪುರದಲ್ಲಿ ಇಟ್ಟಿದ್ದೂ ಬೆಂಕಿ ಅಂತಸ್ತಿನಿಂದ ಅಂತಸ್ತಿಗೆ ಏರಬಾರದೆಂದೇ. ನಮ್ಮ ಹಜಾರದ ನಡುವೆ ಅಂಥದ್ದೊಂದು ಕಂಬವಿದೆ, ಎರಡು ತೋಳಿನಲ್ಲಿ ತಬ್ಬಿದರೆ ಬೆರಳುಗಳು ಅಷ್ಟಕ್ಕಷ್ಟೇ ಕೂಡುತ್ತವೆ. ಅದರ ಒಂದು ಮಗ್ಗುಲಲ್ಲಿ ಸೊಂಟದೆತ್ತರಕ್ಕೆ ಕಪ್ಪು ಕಲೆಯಿದೆ, ಎಷ್ಟು ಒರೆಸಿದರೂ ಹೋಗದ್ದು. ತಂದೆಯವರು ಬಂದ ಮರುದಿನ ಬೆಳಿಗ್ಗೆ ಆ ಕಲೆಯ ಮೇಲೆ ಕೈಯಿಟ್ಟು, ಮೂಸಿ ನೋಡಿ, ಕಾಲಿನಿಂದ ನೆಲವನ್ನು ಅಳೆದು, ‘ಇಲ್ಲಿ ಮಷಿನ್ ಕುಂತಿತ್ತು ನೋಡವ್ವಾ, ಆಳು ಈ ಕಡೆ ನಿಂತ್ಕೊಂಡಿದ್ದ’ ಎಂದರು. ಆಮೇಲೆ ಅವರು ಉಳಿದ ಎರಡು ತಿಂಗಳೂ ಊಟಕ್ಕೆ ಕುರ್ಚಿ ಹಾಕಿಕೊಂಡದ್ದು ಆ ಕಡೆಗೇ.

ತೊಲೆ ಹಲಗೆಗಳು ಕಾಣುವಂತೆ ಬಿಟ್ಟಿರುವುದು ಕಣ್ಣಿಗೆ ಹಬ್ಬ, ಕಿವಿಗೆ ಹಾಗಲ್ಲ. ಕೆಳಗಡೆ ಇನ್ನೊಂದು ಸೀಲಿಂಗ್ ಹಾಕಿದರೆ ಮರ ಮುಚ್ಚಿಹೋಗುತ್ತದೆ, ಆದ್ದರಿಂದ ಸದ್ದನ್ನು ತಡೆಯುವ ಕೆಲಸವೆಲ್ಲ ಮೇಲಿನ ಮನೆಯ ನೆಲದಲ್ಲೇ ಆಗಬೇಕು. ಹಳೆಯ ಹಲಗೆಯ ಮೇಲೆ ರಬ್ಬರಿನ ಚಾಪೆ, ಅದರ ಮೇಲೆ ಜಿಪ್ಸಂ ಗಾರೆ, ಅದರ ಮೇಲೆ ಹೊಸ ನೆಲ. ಒಳ್ಳೆಯ ಗುತ್ತಿಗೆದಾರರು ಹೀಗೆ ಮಾಡುತ್ತಾರೆ. ನಮ್ಮ ಕಟ್ಟಡದಲ್ಲಿ ಈ ಪದರ ಕೆಲವು ಮನೆಗಳಲ್ಲಿ ಮಾತ್ರ ಇದೆ ಎಂದು ನಮಗೆ ಗೊತ್ತಾದದ್ದು ಬಂದು ಸೇರಿದ ಮೇಲೆ. ಮೇಲಿನ ಮನೆಯವರು ರಾತ್ರಿ ಪಾಳಿಯವರು. ನಸುಕಿನ ಮೂರಕ್ಕೆ ಅವರು ಬೂಟು ಬಿಚ್ಚಿ ಒಂದೊಂದಾಗಿ ನೆಲಕ್ಕೆ ಹಾಕುವುದು ನಮಗೆ ಕೇಳುತ್ತದೆ. ಅವರ ತಪ್ಪೇನೂ ಇಲ್ಲ. ಮನೆ ನೋಡಲು ಹೋದಾಗ ಮೇಲಿನ ಮನೆಯಲ್ಲಿ ಯಾರಾದರೂ ನಡೆದಾಡುವಂತೆ ಕೇಳಿಕೊಂಡು ಕೆಳಗೆ ನಿಂತು ಆಲಿಸಬೇಕು ಎಂಬ ಸಲಹೆಯನ್ನು ನಮಗೆ ಯಾರೂ ಕೊಡಲಿಲ್ಲ, ಅದಕ್ಕೇ ಇಲ್ಲಿ ಕೊಡುತ್ತಿದ್ದೇನೆ.

ಸದ್ದಿನ ಜತೆಗೆ ಧೂಳು. ಹಲಗೆಗಳ ಸಂದಿಗಳಲ್ಲಿ ನೂರು ವರ್ಷದ ಕಸ ಕೂತಿರುತ್ತದೆ. ಮೇಲೆ ಯಾರಾದರೂ ಓಡಾಡಿದರೆ ಬೂದುಬಣ್ಣದ ಪುಡಿ ನಮ್ಮ ಒಲೆಯ ಮೇಲೆ, ತಟ್ಟೆಯ ಮೇಲೆ ಬೀಳುತ್ತದೆ. ಮೊದಲ ಬೇಸಿಗೆಯಲ್ಲಿ ಒಂದು ಸಂದಿಯಿಂದ ಬೆರಳುಗಾತ್ರದ, ಎಣ್ಣೆಗಪ್ಪಾದ ಹತ್ತಿಯ ಉಂಡೆಯೊಂದು ಬಿತ್ತು. ಇದು ಸ್ಪಿನ್ನಿಂಗಿನಲ್ಲಿ ಹಾರಿದ ಹತ್ತಿ ಎಂದು ತಂದೆಯವರು ಅದನ್ನು ಹಿಂಜಿ ನೋಡಿ ಹೇಳಿದರು. ಸಂದಿಗಳನ್ನು ಮುಚ್ಚಿಸಿ ಎಂದು ನಾವು ಕೊಟ್ಟ ಅರ್ಜಿಗೆ ಏಳು ತಿಂಗಳ ನಂತರ ಉತ್ತರ ಬಂತು, ಮುಚ್ಚಿದ್ದು ಅಡುಗೆಯ ಜಾಗದ ಮೇಲಿನದನ್ನು ಮಾತ್ರ.

ನಿರ್ವಹಣೆಯ ಮೇಲೆ ನನಗಿರುವ ದೊಡ್ಡ ದೂರು ಇದಕ್ಕಿಂತ ಗಂಭೀರವಾದುದು. ಕಳೆದ ಜನವರಿಯಲ್ಲಿ, ಮೆಟ್ಟಿಲ ಗೋಪುರದ ಬಿಸಿಗಾಳಿ ಯಂತ್ರ ನಿಂತುಹೋಗಿ, ಬೆಂಕಿ ಆರಿಸಲು ಹಾಕಿರುವ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯಿತು. ನೀರು ಎರಡು ಅಂತಸ್ತು ಇಳಿದು ನಮ್ಮ ಬಾಗಿಲವರೆಗೂ ಬಂತು. ಯಂತ್ರ ನಿಂತಿದೆ ಎಂದು ನಾಲ್ಕು ಮನೆಯವರು ಒಂದು ವಾರ ಮೊದಲೇ ಬರೆದು ತಿಳಿಸಿದ್ದರು. ಹಳೆಯ ಕಟ್ಟಡದಲ್ಲಿ ಇದೆಲ್ಲ ಸಹಜ ಎಂಬ ಉತ್ತರ ನಮಗೆ ಸಿಕ್ಕಿತು. ಆ ಗೋಪುರದ ಗೋಡೆ ನೂರನಲವತ್ತು ವರ್ಷದಿಂದ ನಿಂತಿದೆ, ಕೆಟ್ಟಿದ್ದು ಕೂರಿಸಿ ಹತ್ತು ವರ್ಷವೂ ಆಗದ ಯಂತ್ರ. ತಪ್ಪನ್ನು ಕಟ್ಟಡದ ವಯಸ್ಸಿನ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ.

ಅಡುಗೆಯ ವಿಷಯ ನಮ್ಮವರಿಗೆ ಮುಖ್ಯ. ಒಲೆಯ ಮೇಲಿನ ಚಿಮಣಿ ಗಾಳಿಯನ್ನು ಹೊರಗೆ ಕಳಿಸುವುದಿಲ್ಲ, ಸೋಸಿ ಮತ್ತೆ ಮನೆಯೊಳಗೇ ಬಿಡುತ್ತದೆ. ಐತಿಹಾಸಿಕ ಗೋಡೆಗೆ ಮನೆಗೊಂದು ತೂತು ಕೊರೆಯಲು ಒಪ್ಪಿಗೆ ಸಿಗುವುದಿಲ್ಲವೆಂದು ನಮಗೆ ಹೇಳಿದರು. ಮಾಡಿನವರೆಗೆ ಕೊಳವೆ ಎಳೆಯಬಹುದಿತ್ತು, ಎಳೆದಿಲ್ಲ. ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಒಳಕೋಣೆಯಲ್ಲಿದ್ದವರೂ ಕೆಮ್ಮುತ್ತಾರೆ, ಹೊಗೆಯ ಗಂಟೆ ಕೂಗುತ್ತದೆ. ಈಗ ಎರಡು ಕಿಟಕಿ ತೆರೆದು, ಫ್ಯಾನು ಹಾಕಿ, ಆಮೇಲೆ ಎಣ್ಣೆ ಕಾಯಿಸುತ್ತೇನೆ. ಹೊರಗೆ ಮೈನಸ್ ಹದಿನೈದು ಇದ್ದ ದಿನ ಒಗ್ಗರಣೆಯಿಲ್ಲದ ಸಾರನ್ನೇ ಉಂಡಿದ್ದೇವೆ.

ಚಿಕ್ಕ ಮಕ್ಕಳಿರುವವರು ಎರಡು ದಾಖಲೆಗಳನ್ನು ಕೇಳಿ ಪಡೆಯಬೇಕು. 1978ಕ್ಕೆ ಮೊದಲು ಕಟ್ಟಿದ ಮನೆಯಲ್ಲಿ ಆರು ವರ್ಷದೊಳಗಿನ ಮಗುವಿದ್ದರೆ ಅಪಾಯಕಾರಿ ಸೀಸದ ಬಣ್ಣವನ್ನು ತೆಗೆಸುವುದು ಅಥವಾ ಮುಚ್ಚಿಸುವುದು ಮಾಲೀಕರ ಹೊಣೆಯೆಂದು ಮ್ಯಾಸಚೂಸೆಟ್ಸ್ ಕಾನೂನು ಹೇಳುತ್ತದೆ; ಅದರ ಪ್ರಮಾಣಪತ್ರ ಒಂದು. ಇನ್ನೊಂದು ಅಂಗಳದ ಮಣ್ಣಿನದು. ಗಿರಣಿಗಳ ಸುತ್ತ ಕಲ್ಲಿದ್ದಲ ಬೂದಿ, ಎಣ್ಣೆ, ಬಣ್ಣದ ರಾಸಾಯನಿಕಗಳು ದಶಕಗಟ್ಟಲೆ ಬಿದ್ದಿರುತ್ತವೆ. ನಮ್ಮ ಅಂಗಳದಲ್ಲಿ ನೆಲ ಅಗೆಯುವಂತಿಲ್ಲ, ತರಕಾರಿಯನ್ನು ಎತ್ತರಿಸಿದ ಮರದ ಪೆಟ್ಟಿಗೆಗಳಲ್ಲಿ ಹೊರಗಿನ ಮಣ್ಣು ತಂದು ಹಾಕಿಯೇ ಬೆಳೆಯಬೇಕು. ಇದನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟಿದ್ದರು. ಆ ಪ್ರಾಮಾಣಿಕತೆಯನ್ನು ಮೆಚ್ಚಿ ಹೇಳಲೇಬೇಕು.

ಇಷ್ಟೆಲ್ಲ ಖರ್ಚು ಮಾಡಿ ಇವರು ಗಿರಣಿಗಳನ್ನು ಉಳಿಸಿಕೊಂಡದ್ದು ಹೇಗೆ ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಗಿರಣಿಗಳು ಒಂದೊಂದಾಗಿ ದಕ್ಷಿಣದ ರಾಜ್ಯಗಳಿಗೆ ಹೋದವು, ಉಳಿದವು ಮುಚ್ಚಿದವು, ಕೆಲವನ್ನು ಕೆಡವಿದರು. 1978ರಲ್ಲಿ ಊರಿನ ನಡುಭಾಗವನ್ನೇ ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಘೋಷಿಸಿದ ಮೇಲೆ ದಿಕ್ಕು ಬದಲಾಯಿತು. ಅದರ ಹಿಂದೆ ಹಣದ ಲೆಕ್ಕವೂ ಇದೆ. ಐತಿಹಾಸಿಕವೆಂದು ಗುರುತಿಸಿದ, ಆದಾಯ ತರುವ ಕಟ್ಟಡವನ್ನು ನಿಗದಿತ ನಿಯಮಗಳಿಗೆ ತಕ್ಕಂತೆ ದುರಸ್ತಿ ಮಾಡಿದರೆ, ಖರ್ಚಿನ 20 ಶೇಕಡಾದಷ್ಟನ್ನು ಮಾಲೀಕರು ಕೇಂದ್ರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು. ಐದು ವರ್ಷದೊಳಗೆ ಮಾರಿದರೆ ಆ ರಿಯಾಯಿತಿಯ ಪಾಲನ್ನು ಹಿಂದಿರುಗಿಸಬೇಕು. ಗಿರಣಿ ಮನೆಗಳು ಮೊದಲು ಬಾಡಿಗೆಗೇ ಬರುವುದೇಕೆ, ಕಿಟಕಿಯ ಪಟ್ಟಿಗಳನ್ನು ಅಷ್ಟು ನಿಷ್ಠೆಯಿಂದ ಹಳೆಯದರಂತೆ ಮಾಡಿಸುವುದೇಕೆ ಎಂಬುದಕ್ಕೆ ಉತ್ತರ ಇದರಲ್ಲಿದೆ.

ಬೆಂಗಳೂರಿನಲ್ಲಿ 1884ರಲ್ಲಿ ಶುರುವಾಗಿ ಬಿನ್ನಿ ಮಿಲ್ಲೆಂದೇ ಹೆಸರಾದ ಗಿರಣಿಯ ನೆಲದಲ್ಲಿಯೂ ಇಂದು ಮನೆಗಳಿವೆ. ಆದರೆ ಅವು ಗಿರಣಿಯೊಳಗಿನ ಮನೆಗಳಲ್ಲ, ಗಿರಣಿ ಹೋದ ಮೇಲೆ ಎದ್ದ ಹೊಸ ಗೋಪುರಗಳು. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಬಂದಿದೆ. ತಂದೆಯವರು ದುಡಿದ ಮಿಲ್ಲಿನ ಗೋಡೆ ಒಂದನ್ನೂ ಅವರಿಗೆ ನಾನು ತೋರಿಸಲಾರೆ. ನಮ್ಮಲ್ಲಿ ಹೆಚ್ಚಿನ ಗಿರಣಿಗಳು ನೆಲಕ್ಕೆ ಹರಡಿಕೊಂಡ, ಗರಗಸದ ಹಲ್ಲಿನಂಥ ಮಾಡಿನ ಒಂದಂತಸ್ತಿನ ಷೆಡ್ಡುಗಳಾಗಿದ್ದವು, ಅವನ್ನು ಮನೆ ಮಾಡುವುದು ಲೋವೆಲ್‌ನಷ್ಟು ಸುಲಭವಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೂ ಒಂದು ಖಾತೆಯನ್ನಾದರೂ, ಒಂದು ಚಿಮಣಿಯನ್ನಾದರೂ ಉಳಿಸಿ ಅದರ ಸುತ್ತ ಮನೆ ಕಟ್ಟುವ ಯೋಚನೆಯೇ ಹುಟ್ಟಲಿಲ್ಲವೆಂಬುದು ನನ್ನನ್ನು ನೋಯಿಸುತ್ತದೆ.

ಊರಿನ ಅನುಕೂಲಗಳನ್ನು ಚುಟುಕಾಗಿ ಹೇಳಬಹುದು. ಬಾಸ್ಟನ್ನಿನ ನಾರ್ತ್ ಸ್ಟೇಷನ್ನಿಗೆ ರೈಲಿನಲ್ಲಿ ಮುಕ್ಕಾಲು ಗಂಟೆ. ಗಿರಣಿಗಳು ಕಾರಿಲ್ಲದ ಕಾಲದವಾದ್ದರಿಂದ ಕಾರು ನಿಲ್ಲಿಸುವ ಜಾಗಕ್ಕೆ ಬೇರೆ ಹಣ, ಬೇರೆ ಕಟ್ಟಡ, ಹಿಮದಲ್ಲಿ ನಡಿಗೆ. ಕಾಂಬೋಡಿಯಾದವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಊರಾದ್ದರಿಂದ ನಿಂಬೆಹುಲ್ಲು, ಹಸಿಮೆಣಸು, ನುಗ್ಗೆ ಹತ್ತಿರದ ಅಂಗಡಿಗಳಲ್ಲೇ ಸಿಗುತ್ತವೆ.

ಮನೆ ನೋಡಲು ಬಂದವರು ಅರ್ಧ ದಿನ ಹೆಚ್ಚಿಗೆ ಇಟ್ಟುಕೊಂಡು ಇದೇ ಊರಿನ, ಬೂಟ್ ಎಂಬ ಹೆಸರಿನ ಹತ್ತಿ ಗಿರಣಿಯ ಸಂಗ್ರಹಾಲಯಕ್ಕೂ ಹೋಗಬೇಕು. ಅಲ್ಲಿಯ ನೆಲ ಅಂತಸ್ತಿನಲ್ಲಿ ಹಳೆಯ ವಿದ್ಯುತ್ ಮಗ್ಗಗಳನ್ನು ಸಾಲಾಗಿ ಇಟ್ಟು ಕೆಲವನ್ನು ಓಡಿಸುತ್ತಾರೆ. ಇಂಥ ಅಂತಸ್ತು ಎಷ್ಟು ಭಾರ ಹೊತ್ತಿತ್ತು, ಎಷ್ಟು ನಡುಗಿತ್ತು ಎಂಬುದು ಅಂಗಾಲಿಗೇ ತಿಳಿಯುತ್ತದೆ. ಬಾಗಿಲಲ್ಲಿ ಕಿವಿಗೆ ತುರುಕಿಕೊಳ್ಳುವ ಸ್ಪಂಜು ಕೊಡುತ್ತಾರೆ. ತಂದೆಯವರು ತೆಗೆದುಕೊಳ್ಳಲಿಲ್ಲ. ಹತ್ತು ನಿಮಿಷ ಮಗ್ಗಗಳ ನಡುವೆ ನಿಂತು, ಒಂದು ಲಾಳಿ ಸಿಕ್ಕಿಹಾಕಿಕೊಂಡು ಮಗ್ಗ ನಿಂತಾಗ ಅದನ್ನು ನಡೆಸುತ್ತಿದ್ದವರಿಗಿಂತ ಮೊದಲು ಅವರ ಕೈ ಮುಂದೆ ಹೋಯಿತು.

ನಾವು ಕರಾರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದೇವೆ, ಆದರೆ ಈ ಮನೆಗಲ್ಲ. ಐದನೆಯ ಅಂತಸ್ತಿನ ಕೊನೆಯ ಮನೆ ಆಗಸ್ಟಿನಲ್ಲಿ ಖಾಲಿಯಾಗುತ್ತದೆ. ಅದು ಕಟ್ಟಡದ ಮೂಲೆಯಾದ್ದರಿಂದ ಎರಡು ಪಕ್ಕದಲ್ಲಿ ಕಿಟಕಿಗಳಿವೆ, ಒಳಕೋಣೆಗೂ ಒಂದು ಕಿಟಕಿ ಸಿಗುತ್ತದೆ, ಮೇಲೆ ಯಾರೂ ಇಲ್ಲ. ಚಳಿ ಅಲ್ಲಿ ಇನ್ನೂ ಹೆಚ್ಚೆಂದು ಈಗ ಇರುವವರು ಎಚ್ಚರಿಸಿದ್ದಾರೆ. ಮೆಟ್ಟಿಲ ಗೋಪುರದ ಬಿಸಿಗಾಳಿ ಯಂತ್ರವನ್ನು ನವೆಂಬರಿಗೆ ಮೊದಲು ಬದಲಾಯಿಸುತ್ತೇವೆ ಎಂದು ಕರಾರಿನಲ್ಲಿ ಬರೆಸಿಕೊಂಡೇ ಸಹಿ ಹಾಕಿದೆವು.